ಏಳನೆಯ ಆನೆ

ಶ್ರೀರಂಗಪಟ್ಟಣದ ಬಸ್ ನಿಲ್ದಾಣಕ್ಕೆ ಗಫಾರ್ ಸಾಬರು ನನಗಿಂತ ಮೊದಲೇ ಬಂದಿದ್ದರು. ಅಂಗಡಿ ಬೋರ್ಡು ಬರೆದು ಬದುಕಿದವರು, ಈಗ ಎಪ್ಪತ್ತು ದಾಟಿದೆ. ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ತೀರಿಹೋದ ಕಲಾ ಇತಿಹಾಸಕಾರರೊಬ್ಬರ ಖಾಸಗಿ ಕಾಗದಪತ್ರಗಳ ಪಟ್ಟಿ ಮಾಡುತ್ತಿದ್ದೆ. ಅದರಲ್ಲಿರುವ ದೇವಾಲಯದ ರೇಖಾಚಿತ್ರಗಳನ್ನು ಬರೆದದ್ದು ನಮ್ಮ ತಂದೆ, ಅವರು ಬದುಕಿರುವಾಗಲೇ ಹೆಸರು ಹಾಕಿ ಎಂದು ಸಾಬರ ಮಗಳು ಶಾಹಿನಾ ನಾಗಮಂಗಲದಿಂದ ಪತ್ರ ಬರೆದಿದ್ದರು. ಚಿತ್ರಗಳ ಮೇಲೆ ಯಾರ ಸಹಿಯೂ ಇಲ್ಲ. ಪಟ್ಟಿ ಮರುದಿನವೇ ಅಚ್ಚಿಗೆ ಹೋಗಬೇಕು. ಆಧಾರವಿಲ್ಲದೆ ನಾನು ಒಪ್ಪುವವನಲ್ಲ. ಚಿತ್ರದಲ್ಲಿದ್ದ ಗುಡಿಯೊಂದನ್ನು ಅವರ ಜೊತೆಯೇ ಹೋಗಿ ನೋಡೋಣವೆಂದು ಕಿಕ್ಕೇರಿಯ ಕಡೆ ಹೊರಟಿದ್ದೆವು.

ಪಾಂಡವಪುರಕ್ಕೆ ಮೂವತ್ತು ರೂಪಾಯಿ. ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ನಾನು ವಾದಕ್ಕಿಳಿದೆ. "ಇತಿಹಾಸಕಾರ ಸಾರ್ ಜೊತೆ ಓಡಾಡಿದ್ರಿ, ಸರಿ. ಚೀಲ ಹೊತ್ತವರೂ ಓಡಾಡಿರ್ತಾರೆ. ಬರೆದದ್ದು ನೀವೇ ಅನ್ನೋಕೆ ಏನು ಸಾಕ್ಷಿ, ಸಾಬ್ರೇ?"

"ನನ್ನ ಕಿಕ್ಕೇರಿಗೆ ಕರ್ಕಂಡೋಯ್ತಿದ್ದೀಯೋ, ಕೋರ್ಟಿಗೋ ಬೇಟಾ?"

ಪಕ್ಕದ ಸೀಟಿನ ಹೆಂಗಸು ನಕ್ಕರು. ನಾನು ನಗಲಿಲ್ಲ.

ಕೆ.ಆರ್. ಪೇಟೆಯಲ್ಲಿ ಮುದ್ದೆ, ಉಪ್ಸಾರು ಉಂಡೆವು. ಚಿತ್ರಗಳ ನಕಲು ನನ್ನ ಚೀಲದಲ್ಲಿತ್ತು, ಬೇಕೆಂದೇ ತೋರಿಸಿರಲಿಲ್ಲ. ಕಿಕ್ಕೇರಿಯಿಂದ ಮುಂದಕ್ಕೆ ಆಟೋದವನು ಇನ್ನೂರು ಕೇಳಿ ನೂರೈವತ್ತಕ್ಕೆ ಬಂದ. ಹೊಲದ ನಡುವೆ ಸಣ್ಣ ಪಾಳು ಗುಡಿ, ತಲೆ ಸುಡುವ ಬಿಸಿಲು. ಸಾಬರು ಚಪ್ಪಲಿ ಬಿಟ್ಟು, ನೇರ ಎಡಗಡೆಯ ಕಂಬದ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಅಲ್ಲಿ ಆನೆಗಳ ಸಾಲೊಂದಿತ್ತು.

"ಎಣಿಸು."

"ಏಳು."

"ನನ್ ಚಿತ್ರದಾಗೆ ಆರೇ ಅವೆ. ಇಗೋ, ಈ ಬಾಲ ಮುರುದಿರಾದು ಇಲ್ಲ. ಕೊನೇ ಬಸ್ಸು ಆರ್ನ್ ಒಡೀತಿತ್ತು, ಬುಟ್ಬುಟ್ಟೆ. ಸಾರ್‌ಗೆ ಯೋಳ್ನಿಲ್ಲ."

ನಕಲು ತೆಗೆದೆ. ಆರೇ ಇದ್ದವು. ಬಾಲ ಮುರಿದ ಆನೆ ಇರಲಿಲ್ಲ. ಯಾರಾದರೂ ಹೇಳಿಕೊಟ್ಟಿರಬಹುದೇ? ಕಾಗದಪತ್ರಗಳ ಪೆಟ್ಟಿಗೆ ತೆರೆದದ್ದು ಹೋದ ತಿಂಗಳು, ತೆರೆದವನು ನಾನೇ, ಬೇರೆ ಯಾರೂ ನೋಡಿಲ್ಲ. ನನ್ನ ಎದುರು ವಾದ ಅಲ್ಲಿಗೆ ಮುಗಿಯಿತು.

ಆದರೆ ಚಿತ್ರದ ಜೊತೆಗೇ ಇತಿಹಾಸಕಾರರ ಕೈಬರಹದ ನಾಲ್ಕು ಪುಟಗಳಿದ್ದವು. ಶಿಲ್ಪಿ ಆರೇ ಆನೆ ಕೆತ್ತಿದ್ದೇಕೆ ಎಂಬುದನ್ನು ಆರು ಋತುಗಳಿಗೆ ಹೊಂದಿಸಿ ವಿವರಿಸಿದ್ದರು. ಓದಿ ಹೇಳಿದೆ. ಸಾಬರ ಮುಖ ಇಳಿಯಿತು.

"ಯಾ ಅಲ್ಲಾ! ಮನೇಲಿ ಕೂತು ನನ್ ಚಿತ್ರ ನಂಬಿ ಬರ್ದವ್ರೆ. ನನ್ನೆಸ್ರು ಬ್ಯಾಡ ಬುಡು. ಎಸ್ರು ಬಂದ್ರೆ ಈ ತಪ್ಪೂ ಈಚೆಗೆ ಬತ್ತದೆ. ಅನ್ನ ಇಕ್ಕಿದ ಮನ್ಸ, ಸತ್ಮೇಲೆ ಮಾನ ಕಳೀಲಾ?"

"ಹೆಸರು ಬಿಟ್ಟರೆ ಸುಳ್ಳಾಗುತ್ತೆ. ಬರೆದದ್ದು ನೀವೇ."

"ಬೆಳಗ್ಗಿಂದ ನಾನಲ್ಲ ಅಂದೆ, ಈಗ ನಾನೇ ಅಂತೀಯ. ನಿಂಗೆಷ್ಟು ನಾಲ್ಗೆ ಕಣಪ್ಪಾ?"

ಬಸ್ಸಿನಲ್ಲಿ, ಮಗಳ ಊರಾದ ನಾಗಮಂಗಲದವರೆಗೂ ಅವರು ಕಿಟಕಿಯ ಕಡೆಗೇ ಮುಖ ಮಾಡಿ ಕೂತರು. ನಿಲ್ದಾಣದಲ್ಲಿ ಶಾಹಿನಾ ಕಾಯುತ್ತಿದ್ದರು. ತಂದೆಯನ್ನು ಬಿಟ್ಟು ನನ್ನನ್ನೇ ಕೇಳಿದರು: "ಒಪ್ಕಂಡ್ರಾ?"

"ನಾನು ಒಪ್ಪಿದೆ. ಅವರೇ ಒಪ್ತಿಲ್ಲ" ಎಂದು ಆದದ್ದನ್ನೆಲ್ಲ ಹೇಳಿದೆ.

ಶಾಹಿನಾ ತಂದೆಯತ್ತ ತಿರುಗಿದರು. "ಸಾರ್ ಇದ್ದಿದ್ರೆ ಏನ್ ಮಾಡೋರು ಅಬ್ಬಾ? ಚೆನ್ನಾಗಿ ಬಯ್ಯೋರು. ಆಮೇಲೆ, ತಿದ್ದು ಅನ್ನೋರು. ಹೌದೋ ಅಲ್ವೋ?"

ಸಾಬರು ನನ್ನ ಜೇಬಿನ ಪೆನ್ನಿಗೆ ಕೈ ಚಾಚಿದರು. ಕಲ್ಲು ಬೆಂಚಿನ ಮೇಲೆ ನಕಲನ್ನು ಹರಡಿ, ಅಂಚಿನ ಖಾಲಿ ಜಾಗದಲ್ಲಿ ಬಾಲ ಮುರಿದ ಆನೆಯನ್ನು ಬರೆದರು. ಕೆಳಗೆ ಗುಂಡಗಿನ ಅಕ್ಷರದಲ್ಲಿ, "ಅಂದು ಬಿಟ್ಟವನು ನಾನು. ಗಫಾರ್."

"ಸಾರ್ ಬರ್ದಿರೋ ಪುಟದ ಪಕ್ದಾಗೆ ಮಡುಗು. ಅವ್ರ ಮ್ಯಾಲೆ ಅಲ್ಲ."

ಹಾಗೇ ಇಡುತ್ತೇನೆಂದೆ. ನನ್ನ ಬಸ್ಸು ಹೊರಟಿತು. ತಿರುಗಿ ನೋಡಿದೆ. ಸಾಬರು ಮಗಳಿಗೆ ಗಾಳಿಯಲ್ಲಿ ಬೆರಳಾಡಿಸಿ, ಸೊಂಡಿಲು ಎಲ್ಲಿಂದ ಎಳೆಯಬೇಕೆಂದು ತೋರಿಸುತ್ತಿದ್ದರು.