ಆಫೀಸ್ ಟೈಮ್ ಹೂವಿನ ತಂಬುಳಿ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಕಾಂಪೌಂಡ್ ಗೋಡೆಯುದ್ದಕ್ಕೂ ಗ್ರೌಂಡ್ ಫ್ಲೋರಿನ ಮರಾಠಿ ಕಾಕು, ಬಿಲ್ಡಿಂಗಿಗೆಲ್ಲ ಚಿಕ್ಕಮ್ಮ, ಆಫೀಸ್ ಟೈಮ್ ಬೆಳೆಸಿದ್ದರು. ನೆಲಕ್ಕೆ ಹಾಸಿಕೊಂಡು ಹಬ್ಬುವ ಗಿಡ, ದಪ್ಪ ದಪ್ಪ ಎಲೆ, ಗುಲಾಬಿ, ಹಳದಿ, ಕೇಸರಿ ಹೂವು. ಊರಲ್ಲಿ ಟೇಬಲ್ ರೋಸ್ ಅನ್ನುತ್ತೇವೆ. ಬಿಸಿಲೇರಿ ಜನ ಆಫೀಸು ಸೇರುವ ಹೊತ್ತಿಗೆ ಅರಳುತ್ತದೆ, ಅದಕ್ಕೇ ಇಲ್ಲಿ ಆ ಹೆಸರು. ಕಾಕುವಿಗೆ ಮೊಣಕಾಲು ನೋವು. ಆದರೂ ಮಣೆ ಹಾಕಿ ಕೂತು, ಮರಳು ಬೆರೆಸಿದ ಮಣ್ಣಿಗೆ ಕಡ್ಡಿ ಚುಚ್ಚಿ, ತುದಿ ಚಿವುಟಿ, ನೀರು ಹೆಚ್ಚಾದರೆ ಕೊಳೆಯುತ್ತದೆಂದು ನಮ್ಮನ್ನೆಲ್ಲ ಗದರಿ, ಆ ಪಟ್ಟಿಯನ್ನು ತುಂಬಿಸಿದ್ದರು.

ಈ ಬೇಸಿಗೆಯಲ್ಲಿ ಉಡುಪಿಯಿಂದ ಅಮ್ಮ ಬಂದರು. ನಮ್ಮ ಕಡೆಯವರ ಕಣ್ಣು ಗೊತ್ತಲ್ಲ, ನೆಲದ ಮೇಲೆ ಹಸಿರು ಕಂಡರೆ ಮೊದಲು ನೆನಪಾಗುವುದು ತಂಬುಳಿ. ಒಂದು ಭಾನುವಾರ ನಾನು ಏಳುವಷ್ಟರಲ್ಲಿ ಅಮ್ಮ ವಾಕಿಂಗ್ ಮುಗಿಸಿ ಬಂದು, ಸೊಪ್ಪು ಹುರಿದು, ಜೀರಿಗೆ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಸೇರಿಸಿಟ್ಟಿದ್ದರು.

"ಸೊಪ್ಪು ಎಲ್ಲಿಂದ?" ಎಂದೆ.

"ಗೋಣಿಸೊಪ್ಪು ಮಾರಾಯ್ತಿ. ಕೆಳಗೆ ಗೋಡೆ ಬುಡದಲ್ಲಿ ರಾಶಿ ಇತ್ತು. ಈ ಊರಿನವರಿಗೆ ಅದರ ಬೆಲೆ ಎಂತ ಗೊತ್ತುಂಟು?"

ಗೋಡೆ ಬುಡದಲ್ಲಿದ್ದದ್ದು ಕಾಕುವಿನ ಆಫೀಸ್ ಟೈಮ್. ಬೆಳಗಿನ ಜಾವ ಹೂ ಅರಳಿರುವುದಿಲ್ಲ. ಬರೀ ಎಲೆ ನೋಡಿದರೆ ಅದು ಥೇಟ್ ಗೋಣಿಸೊಪ್ಪೇ. ಕಿಟಕಿಯಿಂದ ಬಗ್ಗಿ ನೋಡಿದೆ, ಕಾಕುವಿನ ಪಟ್ಟಿ ಬೋಳಾಗಿತ್ತು. ಅಮ್ಮನ ಮುಖದ ಸಂತೋಷ ನೋಡಿ ಹೇಳಲು ಬಾಯಿ ಬರಲಿಲ್ಲ.

ಊಟದ ಹೊತ್ತಿಗೆ ಬೆಲ್ ಆಯಿತು. ಕಾಕು ರೇಲಿಂಗ್ ಹಿಡಿದು ಎರಡು ಮಹಡಿ ಹತ್ತಿ ಬಂದಿದ್ದರು. ಏದುಸಿರು ಬಿಡುತ್ತಲೇ ಮರಾಠಿಯಲ್ಲಿ ಶುರುಮಾಡಿದರು.

"ಅಗಂ, ಆ ಗುಡಿಸುವವಳು ನನ್ನ ಗಿಡವನ್ನೆಲ್ಲ ಕಳೆ ಅಂತ ಕಿತ್ತುಹಾಕಿದ್ದಾಳೆ. ಸಂಜೆ ಸೆಕ್ರೆಟರಿಗೆ ಹೇಳಿ ಕೆಲಸದಿಂದ ಬಿಡಿಸ್ತೀನಿ. ನೀನೇನಾದರೂ ನೋಡಿದೆಯಾ?"

ಆಗಲೇ ಹೇಳಿಬಿಡಬಹುದಿತ್ತು. "ಇರಬಹುದು ಕಾಕು, ಅವಳಿಗೇನು ತಿಳಿಯುತ್ತೆ" ಎಂದೆ. ಥೂ, ನನ್ನ ಬಾಯಿಂದಲೇ ಬಂತು ಆ ಮಾತು. ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಅಮ್ಮನಿಗೆ ಮರಾಠಿ ಬರುವುದಿಲ್ಲ. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವುದೂ ಬರುವುದಿಲ್ಲ. ಕಾಕುವಿನ ಕೈ ಹಿಡಿದು ಎಳೆದು ಕೂರಿಸಿ, ಬೇಡ ಬೇಡ ಎಂದರೂ ಅನ್ನ ಬಡಿಸಿ ತಂಬುಳಿ ಸುರಿದರು. ಕಾಕು ಮೊದಲು ಬೆರಳ ತುದಿಯಲ್ಲಿ ನೆಕ್ಕಿದರು, ಆಮೇಲೆ ತಟ್ಟೆ ಬಳಿದು ಉಂಡರು. ನಾನು ಎದುರಿಗೆ ಕೂತು ನೀರು ಕುಡಿಯುತ್ತಲೇ ಇದ್ದೆ.

"ಛಾನ್ ಆಗಿದೆ. ಯಾವ ಸೊಪ್ಪು, ಎಲ್ಲಿ ಸಿಕ್ಕಿತು, ಆಜಿಗೆ ಕೇಳು" ಎಂದರು, ಅಮ್ಮನ ಕಡೆ ಕೈ ತೋರಿಸಿ.

"ವಾಶಿ ಮಾರ್ಕೆಟ್‌ದು" ಎಂದೆ, ಅಮ್ಮನನ್ನು ಕೇಳದೆಯೇ.

ಅಮ್ಮನ ಕಿವಿಗೆ ವಾಶಿ ಎನ್ನುವುದೊಂದು ಬಿತ್ತು. "ವಾಶಿ ಎಂತದ್ದು? ಸುಳ್ಳು ಹೇಳ್ಬೇಡ" ಎಂದು ನಕ್ಕು, ಕಾಕುವನ್ನು ಕಿಟಕಿಯ ಹತ್ತಿರ ಕರೆದೊಯ್ದು ಕೆಳಗೆ ಬೆರಳು ತೋರಿಸಿದರು. ಅಷ್ಟು ಸಾಲದೆಂದು ಅಡುಗೆಮನೆಯಿಂದ ಉಳಿದ ದಂಟು ತಂದು ಕೈಗಿತ್ತರು. "ನಟ್ಟರೆ ಬರ್ತದೆ, ಅವರಿಗೆ ಹೇಳು." ಒಂದು ದಂಟಿನ ತುದಿಯಲ್ಲಿ ಗುಲಾಬಿ ಬಣ್ಣದ ಮೊಗ್ಗಿತ್ತು. ಕಾಕು ಅದನ್ನು ನೋಡಿದರು, ಆಮೇಲೆ ನನ್ನನ್ನು.

ಕಾಕು ಬಯ್ಯಲೆಂದು ಕಾದೆ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ದಂಟನ್ನು ಸೆರಗಿಗೆ ಹಾಕಿಕೊಂಡು, ಅಮ್ಮನ ಹೆಗಲು ತಟ್ಟಿ ಹೊರಟರು. ಮೆಟ್ಟಿಲಿಳಿಸಲು ಕೈ ಚಾಚಿದೆ. ಹಿಡಿಯಲಿಲ್ಲ, ರೇಲಿಂಗ್ ಹಿಡಿದರು. ತಿರುವಿನಲ್ಲಿ ನಿಂತು ಹೇಳಿದರು.

"ಆಜಿಗೆ ಗೊತ್ತಿರಲಿಲ್ಲ. ನೀನು ಗೊತ್ತಿದ್ದೂ ಆ ಬಡವಳ ತಲೆಗೆ ಕಟ್ಟಿದೆಯಲ್ಲ."

ಒಳಗಿನಿಂದ ಅಮ್ಮ ಕೇಳುತ್ತಿದ್ದರು, "ಎಂತ ಹೇಳಿದ್ರು ಅವರು? ರುಚಿಯಾಯ್ತಂತಾ?"

"ಹೌದಮ್ಮ, ರುಚಿಯಾಯ್ತಂತೆ" ಎಂದೆ.