ಮಗ್ಗದ ರಟ್ಟು, ಮೇಸ್ತ್ರಿಯ ಕಿವಿ

ಕಳೆದ ವಾರ ಅಟ್ಟ ಖಾಲಿ ಮಾಡಿಸುತ್ತಿದ್ದೆ. ಎಲ್ಲ ಅಪ್ಪನ ಕಾಲದ ಮಗ್ಗದ ಸಾಮಾನು, ಈಗ ಯಾರಿಗೂ ಬೇಡವಾದದ್ದು. ಮಗ ಮೇಲೆ ಹತ್ತಿ ಒಂದೊಂದನ್ನೇ ಇಳಿಸುತ್ತಿದ್ದ, ನಾನು ಕೆಳಗೆ ನಿಂತು ತೆಗೆದುಕೊಳ್ಳುತ್ತಿದ್ದೆ. ಅಷ್ಟಕ್ಕೇ ಸುಸ್ತಾಗಿತ್ತು. ಕೊನೆಗೆ ಒಂದು ಕಟ್ಟು ರಟ್ಟು ಬಂತು. ಸೀರೆಯ ಅಂಚಿನಲ್ಲಿ ಹೂವು ಬಳ್ಳಿ ಮೂಡಲೆಂದು ಜಕಾರ್ಡ್ ಮಗ್ಗದ ಮೇಲೆ ಕಟ್ಟುತ್ತಿದ್ದ, ಸಾಲುಸಾಲು ತೂತಿನ ರಟ್ಟು. ಅದರ ಹಳೇ ಧೂಳಿನ ವಾಸನೆ ಮೂಗಿಗೆ ಬಡಿಯಿತು.

"ಅಪ್ಪಾ, ಆ ಮೇಸ್ತ್ರಿ ಕಾರಿಗೆ ಆಕಿದ್ದು ಇಂಥಾ ರಟ್ನೇ ಅಲ್ವಾ?" ಎಂದು ಮಗ ಮೇಲಿನಿಂದಲೇ ನಕ್ಕ.

ಆ ಕಥೆಯನ್ನು ಅವನಿಗೆ ಹೇಳಿದವನು ನಾನೇ. ಅವನು ಚಿಕ್ಕವನಿದ್ದಾಗ ನಗಿಸಲೆಂದು ಎಷ್ಟೋ ಸಲ ಹೇಳಿದ್ದೇನೆ. ಕಥೆ ಶುದ್ಧ ಸುಳ್ಳು. ನಿಜವಾಗಿ ನಡೆದದ್ದು ಬೇರೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಕೊಳ್ಳೇಗಾಲದ ಒಬ್ಬ ರೇಷ್ಮೆ ಸೀರೆ ಸಾಹುಕಾರರ ಹಳೇ ಕಪ್ಪು ಕಾರಿಗೆ ನಾನು ಡ್ರೈವರ್ ಆಗಿದ್ದೆ. ನಮ್ಮಪ್ಪ ಅವರಿಗೇ ಸೀರೆ ನೇಯ್ದು ಕೊಡುತ್ತಿದ್ದ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆಯುವ ಬದುಕು ನನಗೆ ಹದಿನೆಂಟಕ್ಕೇ ಸಾಕಾಗಿತ್ತು. ಸ್ಟೀರಿಂಗ್ ಸಿಕ್ಕಿದ್ದೇ ದೊಡ್ಡ ಪುಣ್ಯ. ಸಾಹುಕಾರರದು ಒಂದೇ ಮಾತು: ಗಾಡಿ ಓಡಿಸು, ಎಂಜಿನ್‌ಗೆ ಕೈ ಹಾಕಬೇಡ. ಕೈ ಹಾಕಿ ಬೋಲ್ಟ್ ಮುರಿದ ಹಿಂದಿನ ಡ್ರೈವರನ್ನು ನಿಂತ ಕಾಲಲ್ಲೇ ಮನೆಗೆ ಕಳಿಸಿದ್ದರು.

ಎಂಜಿನ್‌ಗೆ ಕೈ ಹಾಕುವ ಹಕ್ಕಿದ್ದದ್ದು ಗಾಡಿ ರಿಪೇರಿಯ ಮೇಸ್ತ್ರಿಗೆ ಮಾತ್ರ. ಮೈಸೂರು ರಸ್ತೆಯಲ್ಲಿ ಹುಣಸೆ ಮರದ ಕೆಳಗೆ ಅವರದೊಂದು ತಗಡಿನ ಶೆಡ್ಡು. ಅರವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಗಾಡಿ ತಂದು ನಿಲ್ಲಿಸಿದರೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಮೊದಲು ಕಣ್ಣು ಮುಚ್ಚಿ ಸುಮ್ಮನೆ ಎಂಜಿನ್ನಿನ ಸದ್ದು ಕೇಳುತ್ತಿದ್ದರು. ಆಮೇಲೆ ಇಂಥ ಕಡೆ ಇಂಥದ್ದು ಎಂದು ಬೆರಳು ಮಾಡಿದರೆ ಅಲ್ಲೇ ಇರುತ್ತಿತ್ತು. ಹನೂರು, ಯಳಂದೂರು ಕಡೆಯಿಂದಲೂ ಅವರ ಕಿವಿ ನಂಬಿ ಗಾಡಿ ತರುತ್ತಿದ್ದರು.

ಸಾಹುಕಾರರು ಊರಲ್ಲಿಲ್ಲದ ಒಂದು ಮಧ್ಯಾಹ್ನ ಮಧುವನಹಳ್ಳಿ ದಾಟಿ ಬರುವಾಗ ಕಾರು ಮುಗ್ಗರಿಸತೊಡಗಿತು. ಪೆಟ್ರೋಲಿನಲ್ಲಿ ಕಸ ಬಂದಿರಬೇಕು ಎಂದುಕೊಂಡು ನಮ್ಮ ಮನೆ ಮುಂದೆ ನಿಲ್ಲಿಸಿ ಕಾರ್ಬೊರೇಟರ್ ಬಿಚ್ಚಿದೆ. ಕಸವೇನೋ ತೆಗೆದೆ. ಆದರೆ ಬಿಚ್ಚುವಾಗ ಅದರ ಬುಡದಲ್ಲಿ ಗಾಳಿ ನುಗ್ಗದಂತೆ ಕೂರಿಸುವ ತೆಳು ರಟ್ಟಿನ ಪ್ಯಾಕಿಂಗ್ ಹರಿದುಹೋಗಿತ್ತು. ಮೇಸ್ತ್ರಿಯನ್ನು ಕೇಳಿದರೆ ಸಾಹುಕಾರರ ಕಿವಿಗೆ ಬೀಳುತ್ತದೆ ಎಂದು ಹೆದರಿದೆ. ನೇಕಾರರ ಮನೆಯಲ್ಲಿ ರಟ್ಟು ಬೇಕೆಂದರೆ ಬೇರೇನೂ ಹೊಳೆಯುವುದಿಲ್ಲ. ಒಲೆ ಬೀಸುವುದಕ್ಕೂ ಅದೇ, ಒಡೆದ ಕನ್ನಡಿಯ ಬೆನ್ನಿಗೂ ಅದೇ. ಮಗ್ಗದ ಹಳೇ ರಟ್ಟನ್ನು ಅಳತೆಗೆ ಕತ್ತರಿಸಿ, ತೂತುಗಳಿಗೆ ಬಟ್ಟೆ ಸೋಪು ಮೆತ್ತಿ ಕೂರಿಸಿಬಿಟ್ಟೆ. ಗಾಡಿ ಓಡಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ...

ಎರಡು ವಾರಕ್ಕೆ ಸೋಪು ಒಣಗಿ ಉದುರಿರಬೇಕು. ರಸ್ತೆಯಲ್ಲಿ ಸರಿಯಾಗಿಯೇ ಓಡುವ ಕಾರು, ನಿಂತ ಕಡೆ ಚಳಿಜ್ವರ ಬಂದವರ ಹಾಗೆ ನಡುಗಿ ಆರಿಹೋಗುತ್ತಿತ್ತು. ಯಳಂದೂರಿನಲ್ಲಿ ಸಾಹುಕಾರರ ಬೀಗರ ಮನೆ ಬಾಗಿಲಲ್ಲೇ ಮೂರು ಸಲ ಆರಿತು. ಬೀಗರು ನಕ್ಕರು.

ಮಾರನೆಯ ದಿನ ಕಾರು ಶೆಡ್ಡಿಗೆ ಬಂತು. ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆ: "ಯಾರಾರ ಬಿಚ್ಚಿದ್ರೇನ್ಲಾ ಇದ್ನ?"

ಇಲ್ಲ ಎಂದೆ. ಕಾರ್ಬೊರೇಟರಿನ ಬುಡವನ್ನು ಹಿಂದೆ ಕೂರಿಸಿದವರು ಅವರೇ. ನನ್ನ ಮಾತು ನಂಬಿ ಅದೊಂದನ್ನು ಬಿಟ್ಟು ಉಳಿದೆಲ್ಲ ಹುಡುಕಿದರು. ಒಂದೊಂದೇ ಪ್ಲಗ್ಗಿನ ವೈರು ಕಿತ್ತು ನೋಡಿದರು. ನಾಲ್ಕೂ ಒಂದೇ ಸಮ ಇದ್ದವು. ಪಾಯಿಂಟ್ ಉಜ್ಜಿದರು, ಜೆಟ್ ಊದಿದರು. ಕಣ್ಣು ಮುಚ್ಚಿ ಕೇಳುವುದು, ತಲೆ ಕೊಡವುವುದು, ಮತ್ತೆ ಕೇಳುವುದು. ಎರಡನೆಯ ದಿನ ಸಂಜೆ ಸಾಹುಕಾರರು ಬಂದು, ವಯಸ್ಸಾಯಿತು ಮೇಸ್ತ್ರಿ, ನಾಳೆಯೂ ಆಗದಿದ್ದರೆ ಮೈಸೂರಿಗೆ ಒಯ್ಯುತ್ತೇನೆ ಎಂದು ನಾಲ್ಕು ಜನರೆದುರಿಗೇ ಹೇಳಿದರು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ನಾನು ಪಕ್ಕದಲ್ಲೇ ಇದ್ದೆ.

ಮೂರನೆಯ ದಿನ ಅವರು ಕೋಳಿಪುಕ್ಕವನ್ನು ಎಣ್ಣೆಯಲ್ಲಿ ಅದ್ದಿ, ಓಡುವ ಎಂಜಿನ್ನಿನ ಒಂದೊಂದು ಸಂದಿಗೂ ಸವರುತ್ತಾ ಬಂದರು. ಕಾರ್ಬೊರೇಟರ್ ಬುಡಕ್ಕೆ ಬಂದಾಗ ನಡುಕ ಗಕ್ಕನೆ ನಿಂತಿತು. ಎಣ್ಣೆ ಒಳಗೆ ಹೀರಿದ ಮೇಲೆ ಮತ್ತೆ ಶುರುವಾಯಿತು. ಗಾಳಿ ಒಳನುಗ್ಗುತ್ತಿದ್ದದ್ದು ಅಲ್ಲೇ. ಬಿಚ್ಚಿದರು. ಸಾಲು ತೂತುಗಳು ಹರಿದು ಒಂದಾಗಿದ್ದ ರಟ್ಟು ಕೈಗೆ ಬಂತು. ಅದನ್ನು ನೋಡಿದರು, ನನ್ನನ್ನು ನೋಡಿದರು. ಅದು ಯಾರ ಮನೆಯದೆಂದು ಕೇಳುವ ಅಗತ್ಯ ಇರಲಿಲ್ಲ.

ಅಷ್ಟರಲ್ಲಿ ಸಾಹುಕಾರರು ಬಂದರು. ಏನಿದು ಎಂದರು. ನನ್ನ ಕಾಲು ಆಗಲೇ ಮಗ್ಗದ ಗುಂಡಿಗೆ ಇಳಿದಾಗಿತ್ತು.

"ತಪ್ಪು ನಂದೇ ಸಾ," ಎಂದರು ಮೇಸ್ತ್ರಿ. "ಓದ್ಸಲ ಪ್ಯಾಕಿಂಗ್ ಸಿಕ್ನಿಲ್ಲ, ಇದ್ನೇ ಆಕ್ಬುಟ್ಟಿದ್ದೆ."

ಸಾಹುಕಾರರು ಏನು ಅಂದರೋ ಈಗ ಸರಿಯಾಗಿ ನೆನಪಿಲ್ಲ... ಅವರು ಹೋದ ಮೇಲೆ ಮೇಸ್ತ್ರಿ ಸರಿಯಾದ ಪ್ಯಾಕಿಂಗ್ ಹಾಕಿ ಬಿಗಿ ಮಾಡಿದರು. ಗಾಡಿ ನಿಂತಲ್ಲೇ ಎಂಜಿನ್ ನಡುಗದೆ, ಸದ್ದಿಲ್ಲದಂತೆ ಓಡಿತು. ನನ್ನ ಕಡೆ ತಿರುಗದೇ ಮೆಲ್ಲಗೆ ಹೇಳಿದರು:

"ಮೂರ್ ದಿನ ನನ್ ಕಿವಿ ಮ್ಯಾಲೇ ನಂಗೆ ಅನ್ಮಾನ ಬಂದ್ಬುಟ್ಟಿತ್ತು ಕಣ್ಲಾ."

ಬೈದಿದ್ದರೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲವೇನೋ.

ಆ ಕಾರು ಮತ್ತೆ ಅವರ ಶೆಡ್ಡಿಗೆ ಹೋಗಲಿಲ್ಲ. ಊರೆಲ್ಲ ರಟ್ಟಿನ ಮೇಸ್ತ್ರಿ ಎಂದು ಆಡಿಕೊಂಡಿತು. ಟೀ ಅಂಗಡಿಯಲ್ಲಿ ಆ ಮಾತು ಬಂದಾಗ ನಾನೂ ನಕ್ಕಿದ್ದೇನೆ. ಗಾಡಿಗಳು ಒಂದೊಂದಾಗಿ ಬೇರೆ ಕಡೆ ಹೋದವು. ಕೆಲವು ವರ್ಷಕ್ಕೆ ಅವರು ಶೆಡ್ಡು ಮುಚ್ಚಿ ಹನೂರಿನಲ್ಲಿ ಮಗಳ ಮನೆ ಸೇರಿ, ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದರು. ಒಮ್ಮೆ ಅಲ್ಲಿ ಎದುರಾದಾಗ ಕಾರು ನಿಂತ ಕಡೆ ಈಗ ಎಂಜಿನ್ ಆರದೆ ಓಡುತ್ತದೆಯೇ ಎಂದು ಕೇಳಿದರು. ಹೂಂ ಎಂದೆ. ಅಷ್ಟೇ. ನಾನು ಡ್ರೈವರ್ ಆಗಿಯೇ ರಿಟೈರ್ ಆದೆ. ಅವರು ತೀರಿಹೋದದ್ದೂ ನನಗೆ ವರ್ಷದ ಮೇಲೆ ತಿಳಿಯಿತು.

ಇದನ್ನೆಲ್ಲ ಮಗನಿಗೆ ಹೇಳಿದೆ. ಅವನು ಅಟ್ಟದಿಂದ ಇಳಿದು ಬಂದು ಪಕ್ಕದಲ್ಲಿ ಕೂತ. ರಟ್ಟಿನ ಕಟ್ಟನ್ನು ತೊಡೆಯ ಮೇಲೆ ಎಳೆದುಕೊಂಡು, "ನಾನೂ ನಮ್ ಉಡುಗ್ರಿಗೆ ಆ ಸುಳ್ ಕತೇನೇ ಏಳಿವ್ನಲ್ಲಪ್ಪಾ," ಎಂದ.

ಸಂಜೆ ಮೊಮ್ಮಕ್ಕಳು ಶಾಲೆಯಿಂದ ಬಂದ ಮೇಲೆ ಕೂರಿಸಿಕೊಂಡು ಮೊದಲಿನಿಂದ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಚಿಕ್ಕವಳು ರಟ್ಟಿನ ತೂತುಗಳಲ್ಲಿ ಬೆರಳಾಡಿಸುತ್ತಾ ಕೇಳಿದಳು:

"ಆ ತಾತನ್ ತಾವ ತಪ್ಪಾಯ್ತು ಅಂದ್ಯಾ?"

ಇಲ್ಲ ಕಣವ್ವ, ಎಂದೆ.