ಕೊಪ್ಪರಿಗೆ ಮಾವನ ನಾಲ್ಕು ಜನದ ಅಡಿಗೆ

ಬೀದಿಯ ದೀಪ ಇನ್ನೂ ಆರಿಲ್ಲ. ಮೂಲೆಮನೆಯ ಅಡಿಗೆಕೋಣೆಯಲ್ಲಿ ಮಾತ್ರ ಕಟಕಟ ಸದ್ದು ಶುರುವಾಗಿದೆ. ಐವತ್ತು ದಾಟಿದ, ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಯಿತೋ ಗೊತ್ತಾಗದಂಥ ಮನುಷ್ಯರೊಬ್ಬರು ಈರುಳ್ಳಿ ಹೆಚ್ಚುತ್ತಿದ್ದಾರೆ. ಕಾಲು ಅಗಲಿಸಿ ನಿಂತು, ಸೊಂಟವನ್ನು ಕಟ್ಟೆಗೆ ಒತ್ತಿ ಹಿಡಿದಿದ್ದಾರೆ. ಮಣೆ ಜಾರದಿರಲೆಂದು ಅದರ ಕೆಳಗೆ ಒಂದು ಒದ್ದೆ ಬಟ್ಟೆ. ಒಲೆಯ ಮೇಲಿನ ಪಾತ್ರೆಯಲ್ಲಿ ನೀರು ಅರ್ಧಕ್ಕೇ ನಿಂತಿದೆ, ಇನ್ನೂ ಮೇಲಕ್ಕೆ ತುಂಬಿದರೆ ತುಳುಕೀತು ಅನ್ನುವ ಭಯ. ನೆಲವೇನೂ ಅಲ್ಲಾಡುತ್ತಿಲ್ಲ. ಈ ಮನೆ ಕಟ್ಟಿದ ಮೇಲೆ ಒಂದು ದಿನವೂ ಅಲ್ಲಾಡಿದ್ದಿಲ್ಲ. ಆದರೆ ಇಪ್ಪತ್ತಾರು ವರ್ಷ ಸರಕು ಹಡಗಿನಲ್ಲಿ ಅಡಿಗೆ ಮಾಡಿದವರ ಕಾಲಿಗೆ ಅದನ್ನು ಯಾರು ಹೇಳಬೇಕು?

"ರೀ, ಎಷ್ಟು ಈರುಳ್ಳಿ ಹೆಚ್ತಾ ಇದ್ದೀರಾ?" ಒಳಕೋಣೆಯಿಂದ ಹೆಂಡತಿಯ ದನಿ. ನಿದ್ದೆಗಣ್ಣಿನದೇ ಆದರೂ ಖಡಕ್ಕಾಗಿದೆ.

"ನಾಲ್ಕೇ ನಾಲ್ಕು ಕಣೇ."

"ನಾಲ್ಕು ಏನು?"

ಚಾಕು ನಿಲ್ಲುತ್ತದೆ. "ಕಿಲೋ."

ಬೀದಿಯವರೆಲ್ಲ ಇವರನ್ನು ಕರೆಯುವುದು ಕೊಪ್ಪರಿಗೆ ಮಾವ ಅಂತ. ರಜೆಗೆ ಬಂದ ಮೊದಲ ವರ್ಷವೇ ಮನೆಗೊಂದು ದೊಡ್ಡ ಕೊಪ್ಪರಿಗೆ ತಂದು, ಅದು ಬಾಗಿಲಲ್ಲಿ ಹಿಡಿಸದೆ ಕಿಟಕಿಯ ಸರಳು ಕೀಳಿಸಿದ ಪುಣ್ಯಾತ್ಮರು ಇವರು. ಎಂಟೊಂಬತ್ತು ತಿಂಗಳು ನೀರಿನ ಮೇಲೆ, ಮೂರು ತಿಂಗಳು ನೆಲದ ಮೇಲೆ, ಇದು ಅವರ ಬದುಕು. ಹಡಗಿನಲ್ಲಿ ಊಟಕ್ಕೆ ಇಪ್ಪತ್ತೆರಡು ಬಾಯಿ. ಕಂಪನಿ ಬದಲಾಗಿದೆ, ಹಡಗು ಬದಲಾಗಿದೆ, ಬಾಯಿಗಳ ಸಂಖ್ಯೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿದು ಕೈಗೆ ಕೂತುಬಿಟ್ಟಿದೆ. ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಹೊರಬರುವುದು ಇಪ್ಪತ್ತೆರಡು ಜನರ ಉಪ್ಪು. ಮನೆಯಲ್ಲಿರುವವರು ನಾಲ್ಕು ಜನ: ಇವರು, ಹೆಂಡತಿ, ಹದಿನಾರರ ಮಗಳು, ಹೆಂಡತಿಯ ತಾಯಿ.

ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಅಂಗಡಿ. ಕೊರಳಲ್ಲಿ ಸದಾ ಅಳತೆ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಆ ಗುಂಡುಸೂಜಿಗಳ ನಡುವಿನಿಂದಲೇ ಅವರು ಮಾತಾಡುತ್ತಾರೆ. "ನಾನು ಅರ್ಧ ಇಂಚು ಹೆಚ್ಚು ಬಿಟ್ರೆ ಗಿರಾಕಿ ಮುಖಕ್ಕೆ ಎಸೆದು ಹೋಗ್ತಾರೆ. ಇವರು ನೋಡಿ, ದಿನಾ ಹದಿನೆಂಟು ಜನ ಹೆಚ್ಚು ಮಾಡ್ತಾರೆ. ಯಾರಿಗೆ ಹೇಳೋಣ?"

ಆ ಹದಿನೆಂಟು ಜನರ ಊಟ ಎಲ್ಲಿ ಹೋಗುತ್ತದೆ ಅನ್ನುವುದು ಬೀದಿಗೆಲ್ಲ ಗೊತ್ತು. ಎದುರಿನ ಕ್ಷೌರದಂಗಡಿಗೆ ಒಂದು ಪಾತ್ರೆ, ಇಸ್ತ್ರಿಯವನಿಗೆ ಒಂದು, ಬಸ್ ಡಿಪೋದ ಕ್ಲೀನರುಗಳಿಗೆ ಮುಚ್ಚಳ ಹಾಕಿದ ಬಕೆಟ್ಟು. ಸಂಜೆ ಐದೂವರೆಗೇ ಇವರು ರಾತ್ರಿ ಊಟ ಬಡಿಸುತ್ತಾರೆ, ಹಡಗಿನ ಸಮಯ ಅದು. ಬಿಸಿಲಲ್ಲಿ ಕೂತು ರಾತ್ರಿ ಊಟ ಮಾಡುವುದು ಬೀದಿಗೂ ಅಭ್ಯಾಸವಾಗಿಹೋಗಿದೆ. "ಅವರು ರಜೆಗೆ ಬಂದ್ರೆ ನಮ್ಮನೆ ಒಲೆಗೂ ರಜೆ," ಅನ್ನುತ್ತಾರೆ ಕ್ಷೌರದವರು, ಗಿರಾಕಿಯ ಕೆನ್ನೆಯ ನೊರೆ ಒಣಗುತ್ತಿದ್ದರೂ ಕ್ಯಾರೇ ಅನ್ನದೆ. "ಆ ಕೈ ಹಾಗೇ ಇರಲಿ. ಅದನ್ನ ಯಾರೂ ತಿದ್ದೋಕೆ ಹೋಗಬಾರದು."

ತಿದ್ದಬೇಕು ಅಂತ ಪಟ್ಟು ಹಿಡಿದಿರುವುದು ಹೆಂಡತಿ. ಅದಕ್ಕೆ ಕಾರಣವಿದೆ. ಕೊಪ್ಪರಿಗೆ ಮಾವನಿಗೆ ಸಮುದ್ರ ಸಾಕಾಗಿದೆ. ಈ ಸಲ ಹಡಗು ಹತ್ತುವುದಿಲ್ಲ ಅಂತ ಬಂದ ದಿನವೇ ಸಾರಿದ್ದಾರೆ. ಆದರೆ ಕಳೆದ ಮೂರು ರಜೆಯಲ್ಲೂ ಇದೇ ಸಾರಿದ್ದರು. ಮೂರು ಸಲವೂ ತಿಂಗಳೊಪ್ಪತ್ತಿನಲ್ಲಿ ಮನೆಯೊಳಗೆ ಅತ್ತ ಇತ್ತ ತಿರುಗಿ, ಗೋಡೆಗೆ ಸುಮ್ಮನೆ ಮೊಳೆ ಹೊಡೆದು, ಅದನ್ನೇ ಕಿತ್ತು, ಕೊನೆಗೆ ಹಡಗಿಗೆ ಜನ ಕಳಿಸುವ ಏಜೆಂಟನಿಗೆ ತಾವೇ ಫೋನ್ ಮಾಡಿ ಹೊರಟುಹೋಗಿದ್ದರು. "ನಂಗೆ ಇಲ್ಲೇನು ಕೆಲಸ ಅನ್ನಿಸಿಬಿಡ್ತಿತ್ತು," ಅನ್ನುತ್ತಾರೆ ಅವರು, ಕಿವಿ ತುರಿಸಿಕೊಳ್ಳುತ್ತ. "ಅಡಿಗೆ ಮಾಡಿದ್ರೆ ಬೈತಾಳೆ. ಬಿಟ್ರೆ ನಂಗೆ ಬೇರೆ ಏನೂ ಬರಲ್ಲ."

ಹಾಗಾಗಿ ಈ ಸಲ ಹೆಂಡತಿ ಅವರ ಮಾತಿಗೆ ಸೊಪ್ಪು ಹಾಕಿಲ್ಲ. ಷರತ್ತು ಹಾಕಿದ್ದಾರೆ. ಏಜೆಂಟ್ ಭಾನುವಾರ ಮಧ್ಯಾಹ್ನ ಫೋನ್ ಮಾಡುತ್ತಾನೆ, ಹಡಗಿಗೆ ಬರುತ್ತೀರೋ ಇಲ್ಲವೋ ಅಂತ ಕೇಳುತ್ತಾನೆ. ಅಷ್ಟರೊಳಗೆ ಒಂದೇ ಒಂದು ಊಟ ನಾಲ್ಕು ಜನಕ್ಕೆ ಸರಿಯಾಗಿ ಮಾಡಿ ತೋರಿಸಬೇಕು. ಪಾತ್ರೆ ಖಾಲಿಯಾಗಬೇಕು, ಹೊಟ್ಟೆ ತುಂಬಬೇಕು. "ಇಪ್ಪತ್ತೆರಡು ಜನಕ್ಕೆ ಬೇಯಿಸೋರು ಇನ್ನೂ ಹಡಗಲ್ಲೇ ಇದ್ದಾರೆ ಅಂತ ಲೆಕ್ಕ," ಅನ್ನುತ್ತಾರೆ ಅವರು, ಈ ಸಲ ಗುಂಡುಸೂಜಿ ಬಾಯಿಂದ ತೆಗೆದು. "ದೇಹ ಮನೆಗೆ ಬಂದ್ರೆ ಸಾಲದು. ಕೈಯೂ ಬರಬೇಕು. ಇನ್ನೊಂದು ಸಲ ಇವರನ್ನ ನಂಬಿ, ಇನ್ನೊಂದು ಸಲ ಬಾಗಿಲಲ್ಲಿ ನಿಂತು ಟಾಟಾ ಮಾಡೋಕೆ ನನ್ ಕೈಲಾಗಲ್ಲ."

ಮಾವ ಸೀದಾ ಪಾತ್ರೆ ಅಂಗಡಿಗೆ ಹೋಗುತ್ತಾರೆ. ನಾಲ್ಕು ಜನಕ್ಕೆ ಅನ್ನ ಮಾಡುವ ಪಾತ್ರೆ ಕೇಳಿದಾಗ ಅಂಗಡಿಯವ ಕೊಟ್ಟದ್ದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಆಟದ ಸಾಮಾನಲ್ವಾ?" ಅಂತ ಕೇಳುತ್ತಾರೆ. ಬಿರುಗಾಳಿಯಲ್ಲಿ ಹಗ್ಗ ಕಟ್ಟಿದ ಹಂಡೆಗಳ ನಡುವೆ ನಿಂತು ಅಡಿಗೆ ಮಾಡಿದವರು ಅವರು. ಒಮ್ಮೆ ಹಗ್ಗ ಬಿಚ್ಚಿಕೊಂಡು ಒಂದು ಹಂಡೆ ಬೇಳೆ ನೆಲದ ಮೇಲೆ ಹರಿದಾಗ, ಮೊಣಕಾಲಿನವರೆಗೆ ಬೊಬ್ಬೆ ಎದ್ದರೂ ಹನ್ನೆರಡು ಗಂಟೆಗೆ ಸರಿಯಾಗಿ ಬೇರೆ ಬೇಳೆ ಬಡಿಸಿದ್ದಾರೆ. ಅಂಥವರಿಗೆ ಈಗ ಈ ಅಂಗೈಯಗಲದ ಪಾತ್ರೆಯ ಭಯ. ಎರಡು ಬೆರಳಲ್ಲಿ ಹಿಡಿದುಕೊಂಡು, ಎಲ್ಲಿ ಮುರಿದೀತೋ ಅನ್ನುವಂತೆ ಮನೆಗೆ ತರುತ್ತಾರೆ.

ಮೊದಲ ಪ್ರಯೋಗಕ್ಕೆ ಮಗಳ ಕ್ಯಾಲ್ಕುಲೇಟರ್ ಸಹಾಯ. ಇಪ್ಪತ್ತೆರಡನ್ನು ನಾಲ್ಕರಿಂದ ಭಾಗಿಸಿದರೆ ಐದೂವರೆ, ಎಲ್ಲವನ್ನೂ ಐದೂವರೆಯಿಂದ ಭಾಗಿಸು ಅಂತ ಅವಳು ತೀರ್ಪು ಕೊಡುತ್ತಾಳೆ. ಅಕ್ಕಿ, ಬೇಳೆಯನ್ನೇನೋ ಭಾಗಿಸಬಹುದು. ಹಿಡಿ ಉಪ್ಪನ್ನು ಐದೂವರೆಯಿಂದ ಭಾಗಿಸುವುದು ಹೇಗೆ? ಕಟ್ಟೆಯ ಮೇಲೆ ಉಪ್ಪು ಸುರಿದು, ಚಾಕುವಿನಿಂದ ಗೆರೆ ಎಳೆದು, ಐದು ಗುಡ್ಡೆ ಮಾಡಿ, ಆರನೆಯದು ಅರ್ಧ ಗುಡ್ಡೆ ಮಾಡಿ, ಯಾವುದು ಪೂರ್ತಿ ಯಾವುದು ಅರ್ಧ ಅಂತ ಮರೆತು, ಕೊನೆಗೆ ಸಿಟ್ಟಿನಲ್ಲಿ ಎಲ್ಲವನ್ನೂ ಬಾಚಿ ಹಾಕಿಬಿಡುತ್ತಾರೆ. ಮಗಳು ಒಂದು ತುತ್ತು ಬಾಯಿಗಿಟ್ಟು, ಎರಡು ಲೋಟ ನೀರು ಕುಡಿದು, "ಅಪ್ಪಾ, ಇದನ್ನ ಸಮುದ್ರದಿಂದ ಮೊಗೆದು ತಂದ್ಯಾ?" ಅಂತ ಕೇಳುತ್ತಾಳೆ. ಅವತ್ತು ಕ್ಷೌರದವರು ಕೂಡ ಪಾತ್ರೆ ವಾಪಸ್ ಕಳಿಸುತ್ತಾರೆ.

ಎರಡನೇ ದಿನ ಉಪ್ಪೇ ಇಲ್ಲ. ಮೂರನೇ ದಿನ ಉಪ್ಪು ಸರಿ, ಅನ್ನ ಮಾತ್ರ ಎಂಟು ಜನಕ್ಕೆ. "ಇಪ್ಪತ್ತೆರಡರಿಂದ ಎಂಟಕ್ಕೆ ಇಳಿದಿದೆ ಕಣೇ, ಜ್ವರ ಇಳಿದ ಹಾಗೆ," ಅಂತ ಮಾವ ಸಮಾಧಾನ ಮಾಡಿಕೊಳ್ಳುತ್ತಾರೆ. ಹೆಂಡತಿ ಟೇಪನ್ನು ಅನ್ನದ ಪಾತ್ರೆಯೊಳಗೆ ಇಳಿಬಿಟ್ಟು, ಮಿಕ್ಕಿದ ಅನ್ನದ ಎತ್ತರ ಅಳೆದು, ಎದ್ದು ಹೋಗುತ್ತಾರೆ.

ಅದೇ ಊಟದಲ್ಲಿ ಅತ್ತೆ ಒಂದು ಮಾತು ಆಡುತ್ತಾರೆ. ಮಾವ ಆಸ್ಥೆಯಿಂದ ಕರಿದ ಗರಿಗರಿ ಆಲೂಗಡ್ಡೆಯನ್ನು ಅತ್ತೆಯ ತಟ್ಟೆಗೆ ಹಾಕಿದ್ದಾರೆ. ಅವರು ಅದನ್ನು ಬಾಯಿಯ ಆ ಬದಿ ಈ ಬದಿ ಓಡಾಡಿಸಿ, ಮೆಲ್ಲಗೆ ತಟ್ಟೆಯಂಚಿಗೆ ಇಡುತ್ತಾರೆ. "ಅಳಿಯಂದಿರೇ, ನನ್ನ ದವಡೆ ಹಲ್ಲೆಲ್ಲ ಹೋಗಿ ಮೂರು ವರ್ಷ ಆಯ್ತು. ನೀವು ನೋಡೇ ಇಲ್ವಾ?"

ಆ ಮಾತು ನೆನೆದು ಮಾವ ಇವತ್ತಿಗೂ ಹಣೆ ಚಚ್ಚಿಕೊಳ್ಳುತ್ತಾರೆ. "ತುಂಬಾ ನಾಚಿಕೆ ಆಯ್ತು," ಅನ್ನುತ್ತಾರೆ. "ಹಡಗಲ್ಲಿ ಕ್ಯಾಪ್ಟನ್‌ಗೆ ಎಡಗಡೆ ಹಲ್ಲು ನೋವು ಅಂತ ನಂಗೆ ಗೊತ್ತು. ಇಂಜಿನ್ ರೂಮಿನ ಹುಡುಗ್ರು ತಡವಾಗಿ ಬರ್ತಾರೆ, ಅವ್ರಿಗೆ ಅನ್ನ ಜಾಸ್ತಿ. ಹೊಸದಾಗಿ ಬಂದೋನು ಮನೆ ನೆನಪಾಗಿ ಊಟ ಬಿಡ್ತಾನೆ, ಅವ್ನಿಗೆ ಸಿಹಿ ಏನಾದ್ರೂ ಕೊಟ್ರೆ ತಿಂತಾನೆ. ಬಡಿಸೋ ಕಿಟಕಿಯಿಂದ ದಿನಾ ಒಬ್ಬೊಬ್ಬನ ಮುಖ ನೋಡ್ತಿದ್ದೆ. ನಾನು ಇಪ್ಪತ್ತೆರಡು ಜನಕ್ಕೆ ಮಾಡ್ತಿದ್ದೆ ಅಂತ ಎಲ್ರೂ ಅಂದ್ಕೊಂಡಿದ್ದಾರೆ. ಹಾಗಲ್ಲ. ಒಬ್ಬೊಬ್ಬನಿಗೆ ಮಾಡ್ತಿದ್ದೆ. ಮನೇಲಿರೋ ಈ ಮೂರು ಮುಖ ನೋಡೋದು ಮಾತ್ರ ಬಿಟ್ಟೇಹೋಗಿತ್ತು."

ಅಲ್ಲಿಂದ ಶುರು ನೋಡಿ ಹೊಸ ಅವಾಂತರ. ಮಾವ ಅಡಿಗೆ ಬಿಟ್ಟು ಬೇಹುಗಾರಿಕೆಗೆ ಇಳಿಯುತ್ತಾರೆ. ಹೆಂಡತಿ ಮಾಡಿದ ಊಟವನ್ನು ಮಗಳು ತಿನ್ನುವಾಗ ಎದುರಿಗೆ ಕೂತು ಕಣ್ಣು ಮಿಟುಕಿಸದೆ ದಿಟ್ಟಿಸುತ್ತಾರೆ. "ಅಮ್ಮಾ, ಅಪ್ಪನ್ನ ಆ ಕಡೆ ತಿರುಗೋಕೆ ಹೇಳು!" ಅಂತ ಅವಳು ಕಿರುಚುತ್ತಾಳೆ. ಅವಳು ಮೊಟ್ಟೆಯ ಬಿಳಿ ಭಾಗವನ್ನಷ್ಟೇ ತಿಂದು ಹಳದಿಯನ್ನು ಅಜ್ಜಿಯ ತಟ್ಟೆಗೆ ಜಾರಿಸುತ್ತಾಳೆ ಅನ್ನುವುದು ಹಾಗೆ ಪತ್ತೆಯಾಗುತ್ತದೆ. ಅತ್ತೆಗೆ ಬೇಳೆ ಕರಗುವ ಹಾಗೆ ಬೆಂದಿರಬೇಕು, ಆದರೆ ಖಾರ ಮೂಗಿಗೆ ಏರಬೇಕು. ಹೆಂಡತಿಯದೇ ಕಷ್ಟದ ಕೇಸು. ಎದ್ದುನಿಂತೇ ನಾಲ್ಕು ತುತ್ತು ನುಂಗಿ ಯಂತ್ರದ ಮುಂದೆ ಕೂರುವವರ ರುಚಿ ತಿಳಿಯುವುದು ಹೇಗೆ? ಒಂದು ಮಧ್ಯಾಹ್ನ, ಎಲ್ಲರೂ ಎದ್ದ ಮೇಲೆ, ಅವರು ಅಡಿಗೆಕೋಣೆಗೆ ಹೋಗಿ ಪಾತ್ರೆಯ ತಳ ಹತ್ತಿದ ಅನ್ನವನ್ನು ಸೌಟಿನಿಂದ ಕೆರೆದು, ಕಣ್ಣು ಮುಚ್ಚಿ ತಿನ್ನುವುದನ್ನು ಮಾವ ಬಾಗಿಲ ಸಂದಿಯಿಂದ ನೋಡುತ್ತಾರೆ.

ಅನ್ನ ತಳ ಹತ್ತಿಸುವುದು! ಇಪ್ಪತ್ತಾರು ವರ್ಷದಲ್ಲಿ ಒಂದಗುಳು ಸೀದಿಲ್ಲ ಅನ್ನುವುದೇ ಈ ಮನುಷ್ಯರ ಹೆಮ್ಮೆ. ಭಾನುವಾರ ಬೆಳಿಗ್ಗೆ ಆ ಹೆಮ್ಮೆಯನ್ನು ಮೂಲೆಗಿಟ್ಟು, ಚಿಕ್ಕ ಪಾತ್ರೆಯನ್ನು ಒಲೆಯ ಮೇಲಿಟ್ಟು, ಬೇಕೆಂದೇ ಉರಿ ಹೆಚ್ಚಿಸಿ ನಿಲ್ಲುತ್ತಾರೆ. ಸೀದ ವಾಸನೆ ಬಂದಾಗಲೆಲ್ಲ ಕೈ ತಾನಾಗಿ ಉರಿ ತಗ್ಗಿಸಲು ಹೋಗುತ್ತದೆ. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳುತ್ತಾರೆ. ಉಪ್ಪಿನ ಡಬ್ಬಿಯ ಮುಂದೆ ಕಣ್ಣು ಮುಚ್ಚಿ ಮೂರೂ ಮುಖವನ್ನು ಒಂದೊಂದಾಗಿ ನೆನೆಯುತ್ತಾರೆ. ಬೆರಳು ಹಿಡಿದಷ್ಟೇ ಉಪ್ಪು ಹೊರಗೆ ಬರುತ್ತದೆ.

ಊಟದ ಹೊತ್ತು. ಮೂವರೂ ಕೂತಿದ್ದಾರೆ, ಮಾವ ಎಂದಿನಂತೆ ನಿಂತೇ ಬಡಿಸುತ್ತಿದ್ದಾರೆ. ಅತ್ತೆ ಬೇಳೆ ಬಾಯಿಗಿಟ್ಟು, ಮೂಗಲ್ಲಿ ಕಣ್ಣಲ್ಲಿ ನೀರು ಸುರಿಸುತ್ತ, "ಹ್ಞಾ! ಇದೀಗ ಊಟ!" ಅನ್ನುತ್ತಾರೆ. ಮಗಳ ತಟ್ಟೆಯಲ್ಲಿ ಮೊಟ್ಟೆಯ ಬಿಳಿ ಮಾತ್ರ ಇದೆ. ಅವಳು ಅಪ್ಪನ ಮುಖ ನೋಡಿ, ತಲೆ ತಗ್ಗಿಸಿ ತಿನ್ನತೊಡಗುತ್ತಾಳೆ. ಹೆಂಡತಿಯ ತಟ್ಟೆಗೆ ಕಂದು ಬಣ್ಣದ ತಳದ ಅನ್ನ ಬೀಳುತ್ತದೆ. ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. "ಇದು ಯಾರು ಹೇಳಿದ್ರು ನಿಮಗೆ?" ಅನ್ನುವ ದನಿಯಲ್ಲಿ ಖಡಕ್ಕೇ ಇಲ್ಲ.

ಮಾವ ಪಾತ್ರೆಗಳನ್ನು ಒಂದೊಂದಾಗಿ ಬೋರಲು ಹಾಕಿ ತೋರಿಸುತ್ತಾರೆ. ಒಂದಗುಳಿಲ್ಲ, ಒಂದು ಹನಿಯಿಲ್ಲ. "ಖಾಲಿ!" ಅಂತ ಎದೆ ಉಬ್ಬಿಸಿ ನಿಲ್ಲುತ್ತಾರೆ. "ಹೊಟ್ಟೆ ತುಂಬ್ತೋ ಇಲ್ವೋ, ಹೇಳಿ ಈಗ!"

"ತುಂಬ್ತಾ ಇದೆ," ಅನ್ನುತ್ತಾರೆ ಹೆಂಡತಿ. "ನಿಮ್ಮ ತಟ್ಟೆ ಎಲ್ಲಿ?"

ಮಾವ ಕಟ್ಟೆ ನೋಡುತ್ತಾರೆ, ಬೋರಲು ಬಿದ್ದ ಪಾತ್ರೆ ನೋಡುತ್ತಾರೆ, ಅದನ್ನು ಎತ್ತಿ ಒಳಗೆ ಇಣುಕಿಯೂ ನೋಡುತ್ತಾರೆ. ಮೊದಲು ನಗುವುದು ಅತ್ತೆ. ಆಮೇಲೆ ಮಗಳು ಹೊಟ್ಟೆ ಹಿಡಿದುಕೊಂಡು ಮೇಜಿಗೆ ತಲೆ ಕುಟ್ಟಿಕೊಳ್ಳುತ್ತಾಳೆ.

"ಅಯ್ಯೋ, ಹಡಗಲ್ಲಿ ಅಡಿಗೆಯವನನ್ನ ಲೆಕ್ಕಕ್ಕೆ ಹಿಡಿಯಲ್ಲ," ಮಾವ ತೊದಲುತ್ತಾರೆ. "ಇಪ್ಪತ್ತೆರಡು ಅಂದ್ರೆ ನನ್ನ ಬಿಟ್ಟು. ಎಲ್ರದ್ದೂ ಆದ್ಮೇಲೆ ಮಿಕ್ಕಿದ್ದನ್ನ ನಿಂತ್ಕೊಂಡು ತಿಂದ್ರಾಯ್ತು. ಇಷ್ಟು ವರ್ಷ ಹಾಗೇ..."

ಹೆಂಡತಿ ನಗುವುದಿಲ್ಲ. ಎದ್ದು ಒಂದು ತಟ್ಟೆ ತರುತ್ತಾರೆ. ತಮ್ಮ ತಟ್ಟೆಯ ತಳದ ಅನ್ನದಲ್ಲಿ ಅರ್ಧವನ್ನು ಅದಕ್ಕೆ ಸರಿಸುತ್ತಾರೆ, ಮಗಳ ತಟ್ಟೆಯಿಂದ ಮೊಟ್ಟೆ, ಅಮ್ಮನ ಬಟ್ಟಲಿನಿಂದ ಬೇಳೆ. ಗಂಡನ ಭುಜ ಒತ್ತಿ ಕುರ್ಚಿಯ ಮೇಲೆ ಕೂರಿಸುತ್ತಾರೆ. ಅಷ್ಟು ದೊಡ್ಡ ಭುಜ ಸದ್ದಿಲ್ಲದೆ ಕೆಳಗಿಳಿಯುತ್ತದೆ.

ಆಗಲೇ ಏಜೆಂಟನ ಫೋನು. ಮಾವನ ಬಾಯಲ್ಲಿ ತುತ್ತಿದೆ, ಹೆಂಡತಿಯೇ ಎತ್ತಿಕೊಳ್ಳುತ್ತಾರೆ. "ನಮಸ್ಕಾರ. ಇಲ್ಲಪ್ಪ, ಬರೋಕಾಗಲ್ಲ. ಪರೀಕ್ಷೇಲಿ ಫೇಲಾಗಿದ್ದಾರೆ... ಹೌದು, ಅಡಿಗೆ ಪರೀಕ್ಷೇನೇ. ನಾಲ್ಕು ಜನಕ್ಕೆ ಮಾಡಿ ಅಂದ್ರೆ ಮೂರು ಜನಕ್ಕೆ ಮಾಡಿದ್ದಾರೆ. ಪಾಸಾಗೋವರೆಗೂ ಎಲ್ಲಿಗೂ ಕಳಿಸಲ್ಲ." ಆ ಕಡೆಯವನು ಏನೋ ಕೇಳುತ್ತಾನೆ. "ಎಷ್ಟು ದಿನ ಬೇಕು ಅಂತ ನಾನೇನು ಹೇಳಲಿ? ಇವರ ತಲೆ ನೋಡಿದ್ರೆ ವರ್ಷಗಟ್ಟಲೆ ಹಿಡಿಯೋ ಹಾಗಿದೆ."

ಮಾವ ತಳದ ಅನ್ನವನ್ನು ಕರುಂಕುರುಂ ಅಗಿಯುತ್ತಿದ್ದಾರೆ. ಕೂತು, ಎಲ್ಲರ ಜೊತೆ, ಬಿಸಿಯಿರುವಾಗಲೇ. ನಿಮಗಿನ್ನೇನು ಆಸೆ ಅಂತ ಕೇಳಿದರೆ ತುತ್ತು ನುಂಗಿ, ಹೆಂಡತಿಯ ಕಡೆ ಓರೆಗಣ್ಣಿನಲ್ಲಿ ನೋಡಿ, ದನಿ ತಗ್ಗಿಸುತ್ತಾರೆ.

"ಪಾಸಾಗೋ ಅವಸರ ನಂಗೇನೂ ಇಲ್ಲ."